ಮಸ್ಕತ್‌ನಿಂದ ಮೂರು ತಾಸು

ಅಕ್ಕಾ,

ನೀನೀಗ ವಿಮಾನದಲ್ಲಿದ್ದೀ. ಮುಂಬೈಯಿಂದ ಬರುವ ಬಸ್ಸಿನಲ್ಲಿ ಒಬ್ಬಳೇ ಕೂತು ಇದನ್ನು ಓದುವುದು ಬೇಡ. ಅದಕ್ಕೇ ಫೋನಿನಲ್ಲಿ ಕಳಿಸದೆ ಹಾಳೆಯ ಮೇಲೆ ಬರೆಯುತ್ತಿದ್ದೇನೆ.

ಅವ್ವನ ಹಣೆಗೆ ವಿಭೂತಿ ಹಚ್ಚಿ, ಬಾಗಿಲಿಗೆ ಮುಖ ಮಾಡಿ ಬೆಳಿಗ್ಗೆಯೇ ಕೂಡಿಸಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುವುದು ನಮ್ಮ ರೂಢಿಯೆಂದು ನಿನಗೂ ಗೊತ್ತು. ಮಧ್ಯಾಹ್ನದ ಮೇಲೆ ವಿಮಾನ ಹತ್ತುತ್ತೇನೆ, ಮಸ್ಕತ್‌ನಿಂದ ಮೂರೇ ತಾಸು, ಕಾಯಿರಿ ಎಂದು ನೀನು ಹೇಳಿದ್ದನ್ನು ನಂಬಿ ಭಜನೆಯವರೂ ಎದ್ದಿರಲಿಲ್ಲ. ಬಿಸಿಲು ಇಳಿದಾಗ ನಿಜಗುಣಪ್ಪ ಕಾಕಾ ನನ್ನನ್ನು ಕರೆದ.

"ಸಾಲಿ ಬಿಟ್ಟರೂ ಫೋನ್ ನೋಡಾಕ ಬರತೈತಲ್ಲ ನಿನಗ. ಖರೇ ಹೇಳು, ದೀಪ ಹಚ್ಚೂದರಾಗ ಬರತಾಳೇನು?"

"ಇಲ್ರಿ ಕಾಕಾ. ಮೂರು ತಾಸು ಮುಂಬೈ ತನಕಾ ಅಷ್ಟ. ಅಲ್ಲಿಂದ ನಮ್ಮ ಸಂಪಗಾಂವಕ್ಕ ರಾತ್ರಿಪೂರ್ತಿ ಹಾದಿ ಐತಿ. ನಾಳೆ ಬರತಾಳ."

ಯಾರೂ ನನ್ನನ್ನು ಬೈಯಲಿಲ್ಲ. ಕಾಕಾ ಟವೆಲ್ ಕೊಡವಿ ಎದ್ದ. ಅವ್ವನನ್ನು ಹೊಲಕ್ಕೆ ಒಯ್ದೆವು. ನಾನೂ ಮಣ್ಣು ಹಾಕಿದೆ.

ಇಳಿದ ಕೂಡಲೇ ನೀನು ಫೋನ್ ಮಾಡಿ, "ಅವ್ವ ಇನ್ನೂ ಮನ್ಯಾಗ ಅದಾಳಲ್ಲೋ ತಮ್ಮಾ?" ಎಂದು ಕೇಳುತ್ತೀ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಫೋನ್ ಬಂದ್ ಮಾಡಿ ಜೋಳದ ಚೀಲದೊಳಗೆ ಹುಗಿದಿಟ್ಟಿದ್ದೇನೆ.