ಸೊಸೆಯ ಹಾಡು ಮೊದಲ ದೃಶ್ಯಕ್ಕೆ

ವೆಸ್ಟ್ ವಿಂಡ್ಸರ್

ಇಲ್ಲಿನ ಕನ್ನಡ ಸಂಘದ ನಾಟಕ ಕಾರ್ಯದರ್ಶಿ ಜಗದೀಶ್ ಅವರಿಗೆ ನಮಸ್ಕಾರ.

ನಾನು ಚಂದ್ರಾವತಿ, ನಮ್ಮ ಮನೆಯ ಹಿರಿಯಳು. ಇಪ್ಪತ್ತು ವರ್ಷಗಳ ಹಿಂದೆ ನಿಮ್ಮ ವೇದಿಕೆಯಲ್ಲಿ ನಮ್ಮ ಮನೆಯವರೇ ಆಡಿದ ಸಂಗೀತ ನಾಟಕದಲ್ಲಿ ಅತ್ತೆಯಾಗಿದ್ದವಳು. ಬರೆದವರು ನನ್ನ ಯಜಮಾನರು, ದಿವಂಗತ ಕರುಣಾಕರ. ನಾನು ಓದಿದ್ದು ಹೈಸ್ಕೂಲು ಮಾತ್ರ, ಆದರೆ ಅದರ ಪ್ರತಿ ಸಾಲೂ ನನಗೆ ಬಾಯಿಪಾಠ.

ಅದನ್ನು ತಿದ್ದಿ ಮತ್ತೆ ಆಡಬಹುದೇ ಎಂದು ಕೇಳಿದ್ದೀರಿ. ಮಗ ಸೂರಜ್, "ಅಪ್ಪ ಬರ್ದದ್ದನ್ನ ಟಚ್ ಮಾಡುದು ಬೇಡ ಅಮ್ಮ" ಎನ್ನುತ್ತಾನೆ. ಅವರು ಚೆನ್ನಾಗಿಯೇ ಬರೆದಿದ್ದರು. ಆದರೆ ಒಳ್ಳೆಯ ಹಾಡುಗಳೆಲ್ಲ ನನಗೆ, ಸೊಸೆಯ ಪಾತ್ರಕ್ಕೆ ಕೊನೆಯಲ್ಲಿ ಒಂದೇ. ಅಂದು ನೆಂಟರು "ವನ್ಸ್ ಮೋರ್" ಕೂಗಿದಾಗಲೆಲ್ಲ ನಾನು ಹಾಡಿದೆ. ಬಾಡಿಗೆಗೆ ಪಡೆದ ಶಾಲಾ ಸಭಾಂಗಣದ ಸಮಯ ಮುಗಿದು, ಕೊನೆಯ ಹಾಡಿಗೆ ಮೊದಲೇ ಪರದೆ ಎಳೆದರು. ಸೂರಜನ ಹೆಂಡತಿ ದೀಕ್ಷಿತಾ ಸೊಸೆಯ ವೇಷ ಹಾಕಿಕೊಂಡು ಹಾಡದೆಯೇ ನಿಂತಿದ್ದಳು. "ಇರ್ಲಿ ಬಿಡಿ ಅತ್ತೆ, ನಿಮ್ದು ಲಾಯ್ಕ ಆಯ್ತಲ್ವಾ" ಎಂದಳು. ನಾನು ಹೌದು ಎಂದೆ.

ನಾಟಕ ಮತ್ತೆ ಆಡುವಷ್ಟು ಯೋಗ್ಯವಾಗಿದೆ, ತಿದ್ದುವಷ್ಟು ತಪ್ಪೂ ಇದೆ. ಊಟದ ಬಿಡುವಿಗೆ ಮೊದಲೇ ಮುಗಿಸಿ, ವನ್ಸ್ ಮೋರ್ ಯಾರಿಗೂ ಬೇಡ. ನಿನ್ನೆ ಸೂರಜನ ಎದುರಿಗೇ ನನ್ನ ಎರಡು ಹಾಡುಗಳಿಗೆ ಗೀಟು ಎಳೆದು, ದೀಕ್ಷಿತಾಳ ಹಾಡನ್ನು ಮೊದಲ ದೃಶ್ಯಕ್ಕೆ ಕೈಯಾರೆ ಬರೆದು ಸೇರಿಸಿದ್ದೇನೆ. ಆ ಪ್ರತಿ ಇದರೊಂದಿಗಿದೆ.

ಇಂತಿ,
ಚಂದ್ರಾವತಿ ಕರುಣಾಕರ