ಹಂದಿಕಬ್ಬಿಣಕ್ಕೆ ಆ ಹೆಸರು ಬಂದ ಬಗೆ

ದುರ್ಗಿಗುಡಿ, ಶಿವಮೊಗ್ಗ
೭-೨-೧೯೨೮

ಚಿ. ಸೌ. ಜಯಶೀಲಾಳಿಗೆ ನಿನ್ನಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಮೊಣಕಾಲು ನೋವೆಂದು ಬರೆಯಬಹುದಿತ್ತು. ಆದರೆ ಯಾರೂ ಮೊಣಕಾಲಿನಿಂದ ಕಾಗದ ಬರೆಯುವುದಿಲ್ಲವಲ್ಲ! ಕಾರಣ ಒಂದು ಹಂದಿ.

ಶಾಲೆಯಲ್ಲಿ ನಾವು ಇಂಗ್ಲಿಷ್ ಮಾತುಗಳಿಗೆ ಕನ್ನಡದ ಪಟ್ಟಿ ಮಾಡುತ್ತಿದ್ದೇವೆ. ನಿನ್ನ ಗಂಡ ದುಡಿಯುವ ಕಾರ್ಖಾನೆಯಲ್ಲಿ ಕುಲುಮೆಯಿಂದ ಮೊದಲು ಇಳಿಯುವ ಕಬ್ಬಿಣವನ್ನು 'ಪಿಗ್ ಐರನ್' ಅನ್ನುತ್ತಾರಷ್ಟೆ? ನಾನು 'ಹಂದಿಕಬ್ಬಿಣ' ಎಂದು ಬರೆದೆ. ಹೆಡ್‌ಮಾಸ್ಟರ್ ಗಂಗಾಧರಪ್ಪನವರು ಹಣೆಯ ವಿಭೂತಿ ಉದುರುವಂತೆ ಹುಬ್ಬು ಗಂಟಿಕ್ಕಿದರು.

"ಏನ್ರೀ ಶಿವಯೋಗಪ್ಪ, ಇದ್ರಲ್ಲಿ ಬಾಣಲೆ ಮಾಡಿದ್ರೆ ನಮ್ಮನೆಯೋರು ಒಲೆ ಮೇಲೆ ಇಡ್ತಾರೇನ್ರೀ? ಹಂದಿ ಎಲ್ಲಿಂದ ಬಂತು, ಮೊದ್ಲು ತಿಳ್ಕೊಂಬನ್ನಿ!"

ನಿಘಂಟು ಬಾಯಿ ಬಿಡಲಿಲ್ಲ. ಹೋದ ಗುರುವಾರ ರೈಲು ಹತ್ತಿ ನಿಮ್ಮ ಭದ್ರಾವತಿಗೇ ಬಂದೆ. ಹೌದು, ಬಂದಿದ್ದೆ.

ಕುಲುಮೆಯ ಮೇಸ್ತ್ರಿ ಓಬಯ್ಯ ನನ್ನನ್ನು ದೂರ ನಿಲ್ಲಿಸಿದ. ಕುಲುಮೆಯ ಬಾಯಿ ತೆರೆದರು. ಕರಗಿದ ಕಬ್ಬಿಣ ಮರಳಿನ ದೊಡ್ಡ ಕಾಲುವೆಯಲ್ಲಿ ಹರಿದು, ಪಕ್ಕದ ಪುಟ್ಟ ಪುಟ್ಟ ಅಚ್ಚುಗಳಿಗೆ ಸಾಲಾಗಿ ತುಂಬಿತು.

"ನೋಡಿ ಮೇಷ್ಟ್ರೇ, ಉದ್ದಕೆ ಮಲಗೈತಲ್ಲ, ಅದು ತಾಯಿಹಂದಿ. ಪಕ್ಕದಾಗಿರೋವು ಮರಿ, ಹಾಲು ಕುಡೀತಾ ಅವೆ. ಇಂಗ್ಲೆಂಡಿನ ಕುಲುಮೆಯೋರಿಗೆ ಹಂಗೇ ಕಾಣ್ತಂತೆ, ನಮ್ಮ ಕಾರ್ಖಾನೆ ಬಿಳೀ ದೊರೆ ಹೇಳಿದ್ದು. ಅಯ್ಯೋ ಮಾರಾಯ್ರೇ, ಪಂಚೆ!"

ಕಿಡಿ ಹಾರಿ ಪಂಚೆ ತೂತಾಗಿತ್ತು. ಪದ್ಯ ಮಾತ್ರ ಅಲ್ಲೇ ಹುಟ್ಟಿತು:

ಮರಳಿನಲ್ಲಿ ತಾಯಿ ಮಲಗಿ,
ಮರಿಗಳೆಲ್ಲ ಮೈಗೆ ಒರಗಿ
ಕುಡಿವ ಹಾಲು ಕೆಂಪು ಕೆಂಡ!
ಪಂಚೆ ಸುಟ್ಟ ಮೇಷ್ಟ್ರು ಕಂಡ.

ಗಂಗಾಧರಪ್ಪನವರು ಕೇಳಿ ನಕ್ಕುಬಿಟ್ಟರು. "ಹಾಲು ಕುಡಿದಿರೋ ಕಬ್ಬಿಣ ಅಂದ್ರೆ ಬಾಣಲೆ ಆಗ್ಬಹುದು ಬಿಡ್ರಿ." ಹಂದಿ ಪಟ್ಟಿ ಸೇರಿತು.

ಅಳಿಯ ಹಾಲಸ್ವಾಮಿಗೂ ಮೂರು ತಿಂಗಳ ಕೂಸಿಗೂ ಶಿವ ಒಳ್ಳೆಯದು ಮಾಡಲಿ.

ನಿನ್ನಪ್ಪ,
ಶಿವಯೋಗಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗದ್ದು. ಅಂದು ನಿಮ್ಮ ಮನೆ ಬಾಗಿಲಿಗೂ ಬಂದಿದ್ದೆ. ಚೊಚ್ಚಲ ಹೆರಿಗೆಗೆ ನಿನ್ನನ್ನು ತವರಿಗೆ ಕರೆಯಬೇಕಾದವನು, ನಿನ್ನವ್ವ ಹೋದ ಮೇಲೆ ಈ ಮನೆಯಲ್ಲಿ ಬಾಣಂತನ ಮಾಡುವವರಾರೆಂದು ಸುಮ್ಮನಾದೆ. ಪಕ್ಕದ ಮನೆಯ ತಮಿಳಿನಾಕೆ ನಿನಗೆ ಎಣ್ಣೆ-ನೀರು ಎರೆದಳೆಂದು ನಿನ್ನ ಕಾಗದದಲ್ಲೇ ಓದಿದೆ. ಅಂದು ನೀನು ಒಳಗೆ ಕೂಸಿಗೆ ಹಾಲೂಡುತ್ತ, ನಿನಗೆಂದು ನಾನು ಕಟ್ಟಿದ್ದ ಜೋಗುಳವನ್ನೇ ಹಾಡುತ್ತಿದ್ದೆ. ತಟ್ಟಲು ಎತ್ತಿದ ಕೈ ಇಳಿಯಿತು. ಪಂಚೆ ತೂತೆಂದು ನೆಪ ಹೇಳಿಕೊಂಡು ರೈಲು ಹತ್ತಿದೆ.

ಭಾನುವಾರ ನಿನ್ನ ಹಳೆಯ ತೊಟ್ಟಿಲು ಹೊತ್ತು ಬರುತ್ತೇನೆ. ಮೆಣಸಿನ ಸಾರು ಮಾಡಲು ಕಲಿತಿದ್ದೇನೆ, ಕುಡಿಯಬಹುದು. ಈ ಸಲ ಬಾಗಿಲು ತಟ್ಟುತ್ತೇನೆ. ತೆಗೀತೀಯಲ್ಲ, ಮಗಳೇ?