ಮೊದಲ ಸಾಲು ಅಳಿಸಿದ ಮಹಾನುಭಾವ

ಮಾರ್ಚ್ ೧೪, ಗುರುವಾರ

ಇನ್ನೂ ಮೈ ಉರಿಯುತ್ತಿದೆ. ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಹೊಸ ಮುಖ್ಯಸ್ಥ, ಆ ಮಹಾನುಭಾವ, ನಿನ್ನೆ ಸಂಜೆ, ರಕ್ತದ ಟ್ಯೂಬುಗಳಿಗೆ ರೋಗಿಯ ಹೆಸರಿನ ಲೇಬಲ್ ಮುದ್ರಿಸುವ ನನ್ನ ಕೋಡನ್ನು ‘ಸ್ವಚ್ಛ’ ಮಾಡಿದ್ದಾನೆ. # ಗುರುತಿನಿಂದ ಶುರುವಾಗುವ ಸಾಲುಗಳೆಲ್ಲ ಬರೀ ಕಾಮೆಂಟ್, ಓದುವವರಿಗೆಂದು ಬರೆದಿಟ್ಟ ಟಿಪ್ಪಣಿ, ಎಂದು ಗುಡಿಸಿ ಹಾಕಿದ. ಮೊದಲ ಸಾಲೂ ಹೋಯಿತು! ಫೈಲನ್ನು ಯಾವ ಭಾಷೆಯಲ್ಲಿ ಓದಬೇಕೆಂದು ಕಂಪ್ಯೂಟರಿಗೆ ಹೇಳುವುದೇ ಆ ಸಾಲು. ಅದಿದ್ದರೆ ಕೋಡ್ ಫೈಲೇ ಪ್ರೋಗ್ರಾಂ, ಹೆಸರು ಹಿಡಿದು ಕರೆದರೆ ಎದ್ದು ಓಡುತ್ತದೆ. ಇಲ್ಲದಿದ್ದರೆ ಬರೀ ಅಕ್ಷರಗಳ ರಾಶಿ.

ಬೆಳಿಗ್ಗೆ ಲ್ಯಾಬಿನ ಅಕ್ಕನ ಫೋನು. "ಲೇಬಲ್ಲೇ ಬರ್ತಿಲ್ಲ ಕಣೇ! ಜನ ಸಾಲುಗಟ್ಟಿ ನಿಂತಿದ್ದಾರೆ. ಹೆಸರಿಲ್ಲದ ಟ್ಯೂಬಿಗೆ ನಾನಂತೂ ರಕ್ತ ತೆಗೆಯಲ್ಲ."

ಮಹಾನುಭಾವನನ್ನು ಕೇಳಿದೆ. "ಸರ್, ಮೊದಲನೇ ಸಾಲು ಯಾಕೆ ತೆಗೆದ್ರಿ?"

"ಕಾಮೆಂಟ್ ಅಂದ್ರೆ ಕಸ ಅಲ್ವೇನ್ರೀ? ಕಸ ತೆಗೆದಿದ್ದಕ್ಕೆ ನಿಂತುಹೋಗತ್ತೆ ಅಂದ್ರೆ ನಿಮ್ಮ ಕೋಡೇ ಸರಿಯಿಲ್ಲ."

ಬಹಳ ವರ್ಷಗಳ ಅನುಭವವಂತೆ. ಕುರ್ಚಿ ಬಿಸಿ ಮಾಡಿದ ಅನುಭವ.

ಸಾಲನ್ನು ಮತ್ತೆ ಬರೆದೆ, ಲೇಬಲ್ ಬಂತು. ಅಕ್ಕ ಉಸಿರು ಬಿಟ್ಟಳು. ಸಂಜೆ ಹೊರಡುವ ಹೊತ್ತಿಗೆ ಮತ್ತೆ ನಿಂತಿತು. ತೆರೆದು ನೋಡಿದರೆ ನನ್ನ ಸಾಲು ಎರಡನೆಯ ಜಾಗದಲ್ಲಿದೆ. ಅಲ್ಲಿ ಕಂಪ್ಯೂಟರ್ ಅದನ್ನು ಮೂಸಿಯೂ ನೋಡುವುದಿಲ್ಲ. ಮೊದಲ ಜಾಗದಲ್ಲಿ ಠೀವಿಯಿಂದ ಕೂತಿತ್ತು: "# ದೋಷ ಸರಿಪಡಿಸಿದವರು: ವಿಭಾಗದ ಮುಖ್ಯಸ್ಥರು."

ಅಲ್ಲಿ ರೋಗಿಗಳ ಟ್ಯೂಬಿಗೆ ಹೆಸರಿಲ್ಲ, ಇವನಿಗೆ ಹೆಸರು ಬೇಕು. ನಾಳೆ ಬಂದು ತನ್ನ ಸಾಲನ್ನು ಹುಡುಕುತ್ತಾನೆ, ಹುಡುಕಲಿ. ಕಾಮೆಂಟ್ ಅಂದರೆ ಕಸ ಎಂದವನು ಅವನೇ ತಾನೇ? ಗುಡಿಸಿ ಬಂದೆ.